ಕುಡತಿನಿ ಬೂದಿಗುಡ್ಡ ಜ್ವಾಲಾಮುಖಿಯದಾ? ನಮ್ಮ ಕಡೆ ನಿಜವಾದ ಲಾವಾ ಎಲ್ಲಿದೆ?

ಕುಡತಿನಿ_ಕ್ರಾಸ್
ಎಲ್ಲರಿಗೂ ನಮಸ್ಕಾರ. ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೊ ಓಡಾಡುತ್ತಿದೆ. ಕುಡತಿನಿಯಿಂದ ತೋರಣಗಲ್ಲಿನ ಕಡೆ ಹೋಗುವಾಗ ಬೂದಿಗುಡ್ಡ ಸಿಗುತ್ತದಲ್ಲ, ಅದು ಸತ್ತುಹೋದ ಜ್ವಾಲಾಮುಖಿ ಅಂತ ಅದರಲ್ಲಿ ಒಬ್ಬರು ಗಟ್ಟಿಯಾಗಿ ಹೇಳುತ್ತಾರೆ. ಸುಮ್ನೆ ತಳ್ಳಿಹಾಕೋಣ ಅಂದರೆ ಆಗುತ್ತಿಲ್ಲ. ಅಲ್ಲಿ ಬೂದಿ ಇರೋದು ನಿಜ. ಬೂದಿಯ ಮಧ್ಯೆ ಗಾಜಿನ ಹಾಗೆ ಹೊಳೆಯುವ, ತೂತು ತೂತಾದ ಗಟ್ಟಿಗಳು ಸಿಗೋದೂ ನಿಜ. ಕೈಯಲ್ಲಿ ಹಿಡಿದರೆ ಹಗುರ. ಶಾಲೆಯ ಪುಸ್ತಕದಲ್ಲಿ ಲಾವಾ ಕಲ್ಲಿನ ಚಿತ್ರ ಇರುತ್ತದಲ್ಲ, ಥೇಟ್ ಅದೇ.

ಹಿರಿಯರನ್ನು ಕೇಳಿದರೆ ಹಿಡಿಂಬಾಸುರನನ್ನು ಸುಟ್ಟ ಬೂದಿ ಅನ್ನುತ್ತಾರೆ. ಬಲ್ಲವರು ಹೇಳಿ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಯಾವ ಕಾಲಕ್ಕಾದರೂ ಜ್ವಾಲಾಮುಖಿ ಇತ್ತಾ?

ರಾಯಚೂರು_ಬಿಸಿಲು
ಮೇ ತಿಂಗಳಲ್ಲಿ ಮಧ್ಯಾಹ್ನ ಎರಡಕ್ಕೆ ನಮ್ಮ ಬಸ್‌ಸ್ಟ್ಯಾಂಡಿಗೆ ಬನ್ನಿ ಅಣ್ಣ. ಈ ಪ್ರಶ್ನೆ ಕೇಳೋದೇ ಬಿಟ್ಟುಬಿಡುತ್ತೀರಿ.

ಗಂಗಾವತಿ_ಮೇಷ್ಟ್ರು
ತಮಾಷೆ ಆಮೇಲೆ. ಪ್ರಶ್ನೆ ಚೆನ್ನಾಗಿದೆ, ಹಳೆಯದೂ ಹೌದು. ಈ ಅನುಮಾನ ವಾಟ್ಸಾಪಿನಿಂದ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬುವರು ಇದೇ ಗುಡ್ಡವನ್ನು ಅಗೆಸಿ ನೋಡಿ, 1840ರ ಆಸುಪಾಸಿನಲ್ಲಿ ಇದರ ಬಗ್ಗೆ ಬರೆದರು. ಆ ಕಾಲದಲ್ಲಿ ತರಹೇವಾರಿ ಊಹೆಗಳಿದ್ದವು. ಜ್ವಾಲಾಮುಖಿಯ ಬೂದಿ ಅಂದವರಿದ್ದರು. ದೊಡ್ಡ ಯುದ್ಧದಲ್ಲಿ ಸತ್ತವರನ್ನು ಒಟ್ಟಿಗೆ ಸುಟ್ಟ ಜಾಗ ಅಂದವರಿದ್ದರು. ಕಬ್ಬಿಣ ಕರಗಿಸಿದ ಕಸ ಅಂದವರೂ ಇದ್ದರು.

ಆಮೇಲೆ ಬಂದವರು ರಾಬರ್ಟ್ ಬ್ರೂಸ್ ಫೂಟ್. ಇವರು ಭೂವಿಜ್ಞಾನಿ, ಅದು ಮುಖ್ಯ. ಬಳ್ಳಾರಿ ಜಿಲ್ಲೆಯ ಕಲ್ಲುಗಳ ಬಗ್ಗೆ 1895ರಲ್ಲಿ ದೊಡ್ಡ ವರದಿ ಪ್ರಕಟಿಸಿದವರು ಇವರೇ. ಜಿಲ್ಲೆಯ ಗುಡ್ಡ ಗುಡ್ಡ ಅಲೆದವರು. ಜ್ವಾಲಾಮುಖಿಯ ಕಲ್ಲು ಯಾವುದು, ಯಾವುದಲ್ಲ ಅಂತ ಅವರಿಗೆ ಗೊತ್ತಿತ್ತು. ಬೂದಿಗುಡ್ಡಗಳ ಸುತ್ತ ಕಲ್ಲಿನ ಕೊಡಲಿಗಳು, ಮಡಕೆ ಚೂರುಗಳು, ದನದ ಮೂಳೆಗಳು ಸಿಗೋದನ್ನು ನೋಡಿ, ಇದು ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟ ಬೂದಿ ಅಂದರು.

ಎಲ್ಲರೂ ಒಪ್ಪಲಿಲ್ಲ. ವಾದ ಸುಮಾರು ವರ್ಷ ಎಳೆಯಿತು. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ತ್ವಜ್ಞ ಉಟ್ನೂರಿನ ಬೂದಿಗುಡ್ಡವನ್ನು ಅಗೆದರು. ಅದು ಕೃಷ್ಣಾ ನದಿಯ ಆಚೆ, ಈಗಿನ ತೆಲಂಗಾಣದಲ್ಲಿದೆ, ರಾಯಚೂರಿನವರಿಗೆ ದೂರವೇನಲ್ಲ. ಅಲ್ಲಿ ದೊಡ್ಡಿಗೆ ನೆಟ್ಟ ಕಂಬಗಳ ಗುಳಿಗಳು ಸಿಕ್ಕವು. ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳೂ ಸಿಕ್ಕವು! ಇನ್ನೇನು ಸಾಕ್ಷಿ ಬೇಕು? 1960ರಲ್ಲಿ ಝೂಯ್ನರ್ ಎಂಬುವರು ಬಳ್ಳಾರಿ ಸೀಮೆಯ ಬೂದಿಯನ್ನೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಸಗಣಿಯೇ ಅಂತ ಖಚಿತಪಡಿಸಿದರು.

ಹಿಡಿಂಬಾಸುರನ ಕತೆಯನ್ನು ಬಿಡಬೇಕಾಗಿಲ್ಲ. ಹಂಪಿ ಹತ್ತಿರ ನಿಂಬಾಪುರದ ಬೂದಿ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಇದು ಸುಟ್ಟ ಬೂದಿ ಅನ್ನೋದನ್ನು ನಮ್ಮ ಜನ ಸರಿಯಾಗಿಯೇ ಗುರುತಿಸಿದ್ದರು ನೋಡಿ.

ಕುಡತಿನಿ_ಕ್ರಾಸ್
ಮೇಷ್ಟ್ರೇ, ಧನ್ಯವಾದ. ಆದರೆ ಸಗಣಿ ಸುಟ್ಟರೆ ಗಾಜು ಆಗುತ್ತದಾ? ನಮ್ಮ ಮನೆಯಲ್ಲಿ ಇಷ್ಟು ವರ್ಷ ಕುಳ್ಳು ಸುಟ್ಟಿದ್ದೇವೆ. ಒಲೆಯಲ್ಲಿ ಒಂದು ದಿನವೂ ಗಾಜು ಕಂಡಿಲ್ಲ.

ಕೋರ್_ಬಾಕ್ಸ್
ಒಲೆಯಲ್ಲಿ ಆಗಲ್ಲ ಸರ್. ನಾನು ಡ್ರಿಲ್ಲಿಂಗ್ ಕೆಲಸದಲ್ಲಿದ್ದವನು, ಭೂವಿಜ್ಞಾನ ಓದಿದ್ದೇನೆ. ಹುಲ್ಲಿನ ಒಳಗೆ ಸಿಲಿಕ ಇರುತ್ತದೆ, ಗಾಜು ಆಗೋದೇ ಅದರಿಂದ. ಹುಲ್ಲಿನ ಅಂಚು ಕೈ ಕೊಯ್ಯೋದು ಅದರಿಂದಲೇ. ದನ ತಿಂದ ಮೇಲೂ ಆ ಸಿಲಿಕ ಸಗಣಿಯಲ್ಲಿ ಉಳಿಯುತ್ತದೆ. ಜೊತೆಗೆ ಪೊಟ್ಯಾಶ್‌ನಂಥ ಕ್ಷಾರಗಳು ಇರುತ್ತವೆ. ಸಿಲಿಕ ಒಂದೇ ಆದರೆ ಕರಗಲು 1,700 ಡಿಗ್ರಿ ಬೇಕು. ಕ್ಷಾರ ಸೇರಿದರೆ ಅದಕ್ಕಿಂತ ಎಷ್ಟೋ ಕಡಿಮೆ ಶಾಖ ಸಾಕು. ವರ್ಷಗಟ್ಟಲೆ ಗುಡ್ಡೆ ಹಾಕಿದ ಒಣ ಸಗಣಿಗೆ ಬೆಂಕಿ ಇಟ್ಟರೆ ಒಳಗಿನ ಶಾಖ ಹೊರಗೆ ಹೋಗಲ್ಲ. ದಿನಗಟ್ಟಲೆ ಕುದಿಯುತ್ತದೆ. ಕರಗಿದ ಭಾಗದಲ್ಲಿ ಗಾಳಿ ಗುಳ್ಳೆ ಸಿಕ್ಕಿಕೊಂಡು ಹಾಗೇ ಗಟ್ಟಿಯಾಗುತ್ತದೆ. ನೀವು ನೋಡಿದ ತೂತು ತೂತಾದ ಗಟ್ಟಿ ಅದೇ.

ಜ್ವಾಲಾಮುಖಿಯ ಬೂದಿ ಬೇರೆ ಜಾತಿ. ಅದು ನಿಜಕ್ಕೂ ಬೂದಿಯೇ ಅಲ್ಲ, ಏನೂ ಸುಟ್ಟಿರೋದಿಲ್ಲ. ಶಿಲಾರಸ ಸಿಡಿದು ನುಚ್ಚುನೂರಾದ ಗಾಜಿನ ಚೂರು ಅದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚೂಪು ಅಂಚಿನ, ಒಡೆದ ಗುಳ್ಳೆಯ ಗೋಡೆಗಳು ಕಾಣುತ್ತವೆ. ಬೂದಿಗುಡ್ಡದ ಬೂದಿಯಲ್ಲಿ ಹುಲ್ಲಿನ ಜೀವಕೋಶದ ಅಚ್ಚು ಕಾಣುತ್ತದೆ. ಗಟ್ಟಿಗಳ ಮೇಲೆ ಹುಲ್ಲುಕಡ್ಡಿಯ ಗುರುತು ಬರಿಗಣ್ಣಿಗೇ ಕಾಣೋದುಂಟು. ಮುಂದಿನ ಸಲ ಭೂತಗನ್ನಡಿ ತೆಗೆದುಕೊಂಡು ಹೋಗಿ. ಗಟ್ಟಿಗಳನ್ನು ಮನೆಗೆ ಮಾತ್ರ ತರಬೇಡಿ.

ನಿಜವಾದ ಜ್ವಾಲಾಮುಖಿ ಬೂದಿ ನೋಡಲೇಬೇಕು ಅಂದರೆ ಅದೂ ಹತ್ತಿರದಲ್ಲೇ ಇದೆ. ಆಂಧ್ರದ ಹಳೆಯ ಕರ್ನೂಲು ಜಿಲ್ಲೆಯ ಜ್ವಾಲಾಪುರಂ ಎಂಬ ಹಳ್ಳಿಯಲ್ಲಿ ಬಿಳಿ ಬೂದಿಯ ದಪ್ಪ ಪದರ ಇದೆ. ಆದರೆ ಅದು ನಮ್ಮ ಕಡೆಯ ಜ್ವಾಲಾಮುಖಿಯದಲ್ಲ. 74,000 ವರ್ಷದ ಹಿಂದೆ ಇಂಡೋನೇಷ್ಯಾದ ಸುಮಾತ್ರಾದಲ್ಲಿ ಟೋಬಾ ಸಿಡಿದಾಗ 2,000 ಕಿಲೋಮೀಟರಿಗೂ ಹೆಚ್ಚು ದೂರ ಗಾಳಿಯಲ್ಲಿ ತೇಲಿ ಬಂದದ್ದು. ಆ ಬೂದಿಯ ಕೆಳಗೂ ಮೇಲೂ ಕಲ್ಲಿನ ಆಯುಧಗಳು ಸಿಕ್ಕಿವೆ. ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಅಗೆದು 2007ರಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡ ಸ್ಫೋಟದ ಆಚೆಗೂ ಈಚೆಗೂ ಒಂದೇ ಬಗೆಯ ಆಯುಧ ಮಾಡುವ ಜನ ಅಲ್ಲಿದ್ದರು ಅನ್ನೋದು ಅವರ ವಾದ.

ರಾಯಚೂರು_ಬಿಸಿಲು
ಈಗ ಕುಡತಿನಿಯಲ್ಲಿ ಥರ್ಮಲ್ ಸ್ಟೇಷನ್ ಇದೆ. ಕಲ್ಲಿದ್ದಲು ಸುಟ್ಟ ಹಾರುಬೂದಿ. ನಾಲ್ಕು ಸಾವಿರ ವರ್ಷದಿಂದ ಆ ಊರಿಗೂ ಬೂದಿಗೂ ಏನು ಋಣಾನುಬಂಧವೋ!

ಎರೆಹೊಲ
ನಾನು ಸಿಂಧನೂರು ಕಡೆಯವನು. ನಮ್ಮ ಹೊಲದ ಎರೆಮಣ್ಣು ಲಾವಾದಿಂದ ಆದದ್ದು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಹಾಗಾದರೆ ಲಾವಾ ಇಲ್ಲೂ ಹರಿದಿರಬೇಕಲ್ವಾ? ಇದಕ್ಕೆ ಬೂದಿಗುಡ್ಡ ಯಾಕೆ ಬೇಕು, ಮಣ್ಣೇ ಸಾಕ್ಷಿ.

ಕೋರ್_ಬಾಕ್ಸ್
ಎರೆಹೊಲ ಅಣ್ಣ, ಎಲ್ಲ ಎರೆಯೂ ಲಾವಾದಿಂದ ಆಗಿದ್ದಲ್ಲ. ಶಾಲೆಯ ಪುಸ್ತಕ ಮಹಾರಾಷ್ಟ್ರದ ಕತೆಯನ್ನು ಇಡೀ ದಖ್ಖನ್ನಿಗೆ ಹೊಂದಿಸಿಬಿಡುತ್ತದೆ.

ಸಿಂಧನೂರು, ಸಿರುಗುಪ್ಪ ಕಡೆ ಬಾವಿ ತೋಡುವಾಗ ಕೆಳಗೆ ಏನು ಸಿಗುತ್ತದೆ ನೆನಪಿಸಿಕೊಳ್ಳಿ. ಎರೆ ಮುಗಿದ ಮೇಲೆ ಸುಣ್ಣದ ಹರಳು. ಅದರ ಕೆಳಗೆ ಪುಡಿಪುಡಿಯಾದ ಬಿಳಿ-ಬೂದು ಪಟ್ಟೆಯ ಕಲ್ಲು, ಆಮೇಲೆ ಗಟ್ಟಿ ಬಂಡೆ. ಅದು ನೈಸ್ ಕಲ್ಲು, ಗ್ರಾನೈಟಿನ ಅಣ್ಣತಮ್ಮ. ಲಾವಾ ಅಲ್ಲ. ಎರೆ ಆಗಲು ಬೇಕಾಗಿರೋದು ಒಂದು ಬಗೆಯ ಜೇಡಿ, ನೀರು ಕುಡಿದು ಉಬ್ಬುವ, ಒಣಗಿದರೆ ಬಿರಿಯುವ ಜೇಡಿ. ಮಳೆ ಕಡಿಮೆ, ನೆಲ ತಗ್ಗು, ನೀರು ಸರಿಯಾಗಿ ಬಸಿದುಹೋಗಲ್ಲ, ಕಲ್ಲಿನಲ್ಲಿ ಸುಣ್ಣದ ಅಂಶ ಇದೆ, ಇಷ್ಟು ಕೂಡಿಬಂದರೆ ನೈಸ್ ಮೇಲೂ ಎರೆ ಆಗುತ್ತದೆ. ಅದೇ ಕಲ್ಲಿನ ಎತ್ತರದ ಭಾಗದಲ್ಲಿ ಮಸಾರಿ, ಅಂದರೆ ಕೆಂಪುಮಣ್ಣು, ತಗ್ಗಿನಲ್ಲಿ ಎರೆ. ನಿಮ್ಮ ಊರಲ್ಲೇ ಎರಡೂ ಇರುತ್ತವೆ, ನೋಡಿ.

ದಖ್ಖನ್ನಿನ ಲಾವಾ ನೋಡಬೇಕು ಅಂದರೆ ರಾಯಚೂರಿನಿಂದ ಉತ್ತರಕ್ಕೆ ಹೋಗಬೇಕು. ಕೃಷ್ಣೆ ದಾಟಿ ಯಾದಗಿರಿ ತನಕ ಇದೇ ಗ್ರಾನೈಟ್ ಗುಡ್ಡಗಳು. ಆಮೇಲೆ ಶಹಾಬಾದ್ ಕಲ್ಲಿನ ಸೀಮೆ, ಅದು ಸುಣ್ಣಕಲ್ಲು, ಹಳೆಯ ಸಮುದ್ರದ ತಳ. ಅದರ ಮೇಲೆ ಕಲಬುರಗಿ ಕಡೆ ಕಪ್ಪು ಬಸಾಲ್ಟ್ ಶುರು. ಬೀದರಿನ ತನಕ, ಮುಂದೆ ಮಹಾರಾಷ್ಟ್ರದ ಬಹುಪಾಲು ಅದೇ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಉದ್ದುದ್ದ ಬಿರಿದು ಹರಿದ ಲಾವಾ. ಒಂದು ಹರಿವಿನ ಮೇಲೆ ಇನ್ನೊಂದು. ಈಗ ಉಳಿದಿರುವ ಭಾಗವೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ನಮ್ಮ ಮೂರು ಜಿಲ್ಲೆ ಅದರ ಅಂಚಿನಿಂದ ಹೊರಗೆ.

ಹಾಗಂತ ಬೇಜಾರಾಗಬೇಡಿ. ನಮ್ಮ ಕಡೆಯ ಲಾವಾ ದಖ್ಖನ್ನಿನದಕ್ಕಿಂತ 40 ಪಟ್ಟು ಹಳೆಯದು.

ಹೊಸಪೇಟೆ_ಗೈಡ್
ಹೇಳಿಬಿಡಿ ಸರ್, ಹಂಪಿ ಗುಂಡುಗಳು ತಾನೇ? ಪ್ರವಾಸಿಗಳು ದಿನಾ ಕೇಳುತ್ತಾರೆ, ಇದು ಜ್ವಾಲಾಮುಖಿ ಸಿಡಿದು ಬಿದ್ದದ್ದಾ ಅಂತ. ನಮ್ಮಲ್ಲಿ ಕೆಲವರು ಹೌದು ಅಂತಲೇ ಹೇಳಿ ಮುಂದೆ ಕರೆದುಕೊಂಡು ಹೋಗುತ್ತಾರೆ.

ಕೋರ್_ಬಾಕ್ಸ್
ಅಲ್ಲ. ದಯವಿಟ್ಟು ಹಾಗೆ ಹೇಳಬೇಡಿ! ಹಂಪಿ, ಆನೆಗೊಂದಿ ಗುಂಡುಗಳು ಗ್ರಾನೈಟ್. ಗ್ರಾನೈಟ್ ಕೂಡ ಶಿಲಾರಸದಿಂದಲೇ ಆಗೋದು, ಆದರೆ ಅದು ಹೊರಗೆ ಬರಲೇ ಇಲ್ಲ. ನೆಲದೊಳಗೆ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ನಿಧಾನವಾಗಿ ತಣಿಯಿತು. ಅದಕ್ಕೇ ಅದರ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು. ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹರಳು ಕೆಲವು ಕಡೆ ಬೆರಳಿನಷ್ಟು ಉದ್ದ ಇರುತ್ತದೆ. ರಾಮನಗರದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದ ಹಬ್ಬಿರುವ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಯ ಉತ್ತರದ ತುದಿ ಇಲ್ಲಿದೆ. ವಯಸ್ಸು ಸುಮಾರು 250 ಕೋಟಿ ವರ್ಷ.

ಯಾರೂ ಆ ಗುಂಡುಗಳನ್ನು ಎಸೆದಿಲ್ಲ. ಎಲ್ಲಿಂದಲೂ ಉರುಳಿ ಬಂದಿಲ್ಲ. ಬಂಡೆ ಇದ್ದಲ್ಲೇ ಇತ್ತು. ಮೇಲಿನ ಭಾರ ಸವೆದು ಹೋದಾಗ ಬಂಡೆ ಹಿಗ್ಗಿ, ಅಡ್ಡ ಉದ್ದ ಸೀಳು ಬಿಟ್ಟಿತು. ಸೀಳಿನಲ್ಲಿ ನೀರು ಇಳಿದು ಮೂಲೆಗಳನ್ನು ತಿಂದಿತು. ಚೌಕ ತುಂಡುಗಳು ಗುಂಡಗಾದವು. ನಡುವಿನ ಪುಡಿ ಮಳೆಗೆ ಕೊಚ್ಚಿಹೋಯಿತು.

ಹೊಸಪೇಟೆ_ಗೈಡ್
ಇದನ್ನೇ ಹೇಳುತ್ತೇನೆ. ವಾನರರು ಎಸೆದದ್ದು ಅನ್ನೋದನ್ನೂ ಹೇಳುತ್ತೇನೆ, ಅದನ್ನು ಬಿಟ್ಟರೆ ಟಿಪ್ಸ್ ಬರಲ್ಲ.

ಸಂಡೂರು_ಹುಡುಗಿ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಎಲ್ಲರೂ ನಮ್ಮ ಸಂಡೂರನ್ನು ಬಿಟ್ಟು ಊರೆಲ್ಲ ಸುತ್ತುತ್ತಿದ್ದೀರಿ. ಕೋರ್_ಬಾಕ್ಸ್ ಸರ್ ಬೇಕಂತಲೇ ಸಸ್ಪೆನ್ಸ್ ಇಟ್ಟಿದ್ದಾರೆ ಅನಿಸುತ್ತದೆ.

ಬಳ್ಳಾರಿ ಜಿಲ್ಲೆಯ ನಿಜವಾದ ಲಾವಾ ಇರೋದು ಸಂಡೂರಿನಲ್ಲಿ. ಸಂಡೂರು ಅಂದರೆ ಎಲ್ಲರಿಗೂ ಕಬ್ಬಿಣದ ಅದಿರು, ದೋಣಿಮಲೆ, ರಾಮನದುರ್ಗ, ಕುಮಾರಸ್ವಾಮಿ ಬೆಟ್ಟ. ಬೆಟ್ಟದ ಮೇಲೆ ಕಾಣೋದು ಅದಿರು, ಸರಿ. ಆದರೆ ಬೆಟ್ಟಗಳ ನಡುವಿನ ತಗ್ಗಿನಲ್ಲಿ, ಹಳ್ಳದ ದಂಡೆಯಲ್ಲಿ, ರಸ್ತೆ ಕಡಿದ ಗೋಡೆಯಲ್ಲಿ ಕಪ್ಪುಹಸಿರು ಬಣ್ಣದ ಒಂದು ಕಲ್ಲು ಕಾಣುತ್ತದೆ. ಯಾರೂ ತಿರುಗಿ ನೋಡಲ್ಲ. ಹೊಳಪಿಲ್ಲ, ಆಕಾರ ಇಲ್ಲ. ಅದೇ ಲಾವಾ. ಸುಮಾರು 270 ಕೋಟಿ ವರ್ಷದ ಹಿಂದಿನ ಸಮುದ್ರದ ತಳದಲ್ಲಿ ಹರಿದದ್ದು.

ಆಗ ಬಸಾಲ್ಟ್ ಆಗಿತ್ತು. ಆಮೇಲೆ ನೆಲದೊಳಗೆ ಹೂತುಹೋಗಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಒಳಗಿನ ಖನಿಜಗಳೇ ಬದಲಾದವು. ಕ್ಲೋರೈಟ್, ಆಂಫಿಬೋಲ್ ಎಂಬ ಹಸಿರು, ಕಪ್ಪು ಖನಿಜಗಳು ಹುಟ್ಟಿದವು. ಅದಕ್ಕೇ ಇಂಥ ಜಾಗಗಳಿಗೆ ಹಸಿರುಕಲ್ಲು ಪಟ್ಟಿ ಅನ್ನೋದು. ಗಣಿಯವರು ಶಿಸ್ಟ್ ಬೆಲ್ಟ್ ಅನ್ನುತ್ತಾರೆ.

ಸಮುದ್ರದ ತಳದ ಲಾವಾ ಅಂತ ಹೇಗೆ ಗೊತ್ತು ಅಂದರೆ, ದಿಂಬು ಲಾವಾದಿಂದ. ನೀರಿನೊಳಗೆ ಲಾವಾ ಬಂದರೆ ಬಿಸಿ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಹೊರಗೆ ತಕ್ಷಣ ಗಾಜಿನ ಸಿಪ್ಪೆ ಕಟ್ಟುತ್ತದೆ. ಒಳಗೆ ಇನ್ನೂ ದ್ರವ. ಹಿಂದಿನಿಂದ ಒತ್ತಡ ಬಂದಾಗ ಸಿಪ್ಪೆ ಒಡೆದು ಇನ್ನೊಂದು ಉಂಡೆ ಹೊರಗೆ ಬರುತ್ತದೆ, ಅದಕ್ಕೂ ಸಿಪ್ಪೆ ಕಟ್ಟುತ್ತದೆ. ಹೀಗೆ ಒಂದರ ಮೇಲೊಂದು. ಮೇಲಿನ ಉಂಡೆ ಮೆತ್ತಗಿರುವಾಗಲೇ ಕೆಳಗಿನ ಎರಡು ಉಂಡೆಗಳ ಸಂದಿಗೆ ಇಳಿದು ಕೂರುತ್ತದೆ. ಅದಕ್ಕೇ ದಿಂಬಿನ ತಲೆ ದುಂಡಗೆ, ಕೆಳಗೆ ಚೂಪು ಬಾಲ. ಇದರಿಂದ ಯಾವುದು ಮೇಲು, ಯಾವುದು ಕೆಳಗು ಅಂತ ಇವತ್ತಿಗೂ ಹೇಳಬಹುದು. ನಮ್ಮ ಕಡೆ ಪದರಗಳೆಲ್ಲ ಮಡಚಿ ನೆಟ್ಟಗೆ ನಿಂತಿರುವುದರಿಂದ ಈ ಗುರುತು ತುಂಬಾ ಬೇಕಾಗುತ್ತದೆ.

ಅಚ್ಚುಕಟ್ಟಾದ ದಿಂಬು ನೋಡಬೇಕಾದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ನಮ್ಮ ಸಂಡೂರಿನವು ಅಷ್ಟು ಚೆಂದ ಇಲ್ಲ, ಹಿಂಡಿ ಎಳೆದಂತಿವೆ.

ಇನ್ನೊಂದು ಮಾತು. ಸಂಡೂರು ಪಟ್ಟಿಯಲ್ಲಿ ಕೊಮಾಟಿಐಟ್ ಎಂಬ ಕಲ್ಲನ್ನೂ ಗುರುತಿಸಿದ್ದಾರೆ. ಮೆಗ್ನೀಷಿಯಂ ತುಂಬಾ ಜಾಸ್ತಿ ಇರುವ ಲಾವಾ. ಈಗಿನ ಹವಾಯಿ ಲಾವಾ ಸುಮಾರು 1,200 ಡಿಗ್ರಿ ಇದ್ದರೆ ಕೊಮಾಟಿಐಟ್ 1,600ರ ಹತ್ತಿರ. ಇಂಥ ಲಾವಾ ಈಗ ಭೂಮಿಯ ಮೇಲೆ ಎಲ್ಲೂ ಉಕ್ಕುವುದಿಲ್ಲ. ಭೂಮಿಯ ಒಳಗು ಆಗ ಅಷ್ಟು ಬಿಸಿ ಇತ್ತು. ನನಗೆ ಹಂಪಿಗಿಂತ ಇದೇ ದೊಡ್ಡ ಸಂಗತಿ. ಹೊಸಪೇಟೆ ಅಣ್ಣ ಬೈಯ್ದರೂ ಪರವಾಗಿಲ್ಲ.

ಕುಡತಿನಿ_ಕ್ರಾಸ್
ಅಕ್ಕಾ, ಹಾಗಾದರೆ ಬೆಟ್ಟದ ಆಕಾರ ಎಲ್ಲಿ ಹೋಯಿತು? ಬಾಯಿ, ಹೊಗೆ ಬರುವ ಕೊಳವೆ?

ಸಂಡೂರು_ಹುಡುಗಿ
ಎಲ್ಲ ಸವೆದು ಹೋಗಿದೆ. 270 ಕೋಟಿ ವರ್ಷ ಅಲ್ವಾ. ಈಗ ಕಾಣುವ ಸಂಡೂರು ಬೆಟ್ಟಗಳು ಜ್ವಾಲಾಮುಖಿ ಬೆಟ್ಟಗಳಲ್ಲ. ಕಬ್ಬಿಣದ ಪಟ್ಟೆಕಲ್ಲು ಗಟ್ಟಿ, ಅದಕ್ಕೇ ಅದು ಎತ್ತರಕ್ಕೆ ಉಳಿಯಿತು. ಲಾವಾ ಬೇಗ ಸವೆದು ತಗ್ಗಿಗೆ ಇಳಿಯಿತು. ಜನ ಎತ್ತರ ನೋಡಿಕೊಂಡು ಜ್ವಾಲಾಮುಖಿ ಹುಡುಕುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗು.

ಆದರೆ ಆ ಕಬ್ಬಿಣಕ್ಕೂ ಜ್ವಾಲಾಮುಖಿಗೂ ನಂಟಿದೆ. ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳು ಲಾವಾ ಕಲ್ಲಿನಿಂದ ಕಬ್ಬಿಣವನ್ನು ಕರಗಿಸಿ ನೀರಿಗೆ ಬಿಡುತ್ತಿದ್ದವು. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲದಷ್ಟು ಕಡಿಮೆ, ಹಾಗಾಗಿ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತಿತ್ತು. ಸೂಕ್ಷ್ಮಜೀವಿಗಳ ಕೈವಾಡವೂ ಸೇರಿ ಅದು ತುಕ್ಕಾಗಿ ತಳಕ್ಕೆ ಕೂತಿತು. ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕ. ನಾರಿಹಳ್ಳ ಬೆಟ್ಟ ಕೊರೆದು ಹರಿಯುವ ಕಣಿವೆಯಲ್ಲಿ ಆ ಪಟ್ಟೆಗಳು ಚೆನ್ನಾಗಿ ಕಾಣುತ್ತವೆ. ಲಾರಿಗಳಲ್ಲಿ ಹೋಗೋದು ಅದೇ, ಮಳೆನೀರು ಸಿಲಿಕವನ್ನು ತೊಳೆದು ಕಬ್ಬಿಣವನ್ನು ಗಟ್ಟಿ ಮಾಡಿದ ಭಾಗ.

ಹಟ್ಟಿ_ಶಾಫ್ಟ್
ಎಲ್ಲರಿಗೂ ಶರಣು. ನಾನು ಹಟ್ಟಿ ಚಿನ್ನದ ಗಣಿಯಲ್ಲಿ ಕೆಳಗೆ ದುಡಿದು ನಿವೃತ್ತನಾದವನು. ಓದು ಕಡಿಮೆ, ಆದರೆ ಕಲ್ಲು ಗೊತ್ತು.

ನಮ್ಮ ಸರ್ವೇ ಸಾಹೇಬರು ಹೇಳುತ್ತಿದ್ದರು, ನೀವು ರಂಧ್ರ ಹೊಡೆಯುವ ಈ ಕಪ್ಪು ಕಲ್ಲು ಒಂದು ಕಾಲದಲ್ಲಿ ಲಾವಾ ಅಂತ. ನಾವು ನಗುತ್ತಿದ್ದೆವು. ಡ್ರಿಲ್ ಬಿಟ್ ಸವೆಯುವ ಕಲ್ಲು ಅದು, ಹರಿಯುತ್ತಿತ್ತು ಅಂದರೆ ಯಾರು ನಂಬುತ್ತಾರೆ? ಆಂಫಿಬೋಲೈಟ್ ಅನ್ನುತ್ತಾರೆ. ಹೊಸದಾಗಿ ಒಡೆದ ಮುಖದಲ್ಲಿ ಸೂಜಿಸೂಜಿಯಂಥ ಕಪ್ಪು ಹರಳು ಮಿನುಗುತ್ತದೆ. ಅದರ ನಡುವೆ ಬಿಳಿ ಬೆಣಚುಕಲ್ಲಿನ ಎಳೆ ಬಂದರೆ ಎಲ್ಲರ ಕಣ್ಣೂ ಅಲ್ಲಿಗೇ. ನಮ್ಮಲ್ಲಿ ಅದಿರಿನ ಪಟ್ಟಿಗೆ ರೀಫ್ ಅನ್ನುತ್ತಾರೆ. ಓಕ್ಲೀಸ್ ರೀಫ್, ಮಿಡಲ್ ರೀಫ್, ಸ್ಟ್ರೈಕ್ ರೀಫ್, ವಿಲೇಜ್ ರೀಫ್ ಅಂತ ಹೆಸರುಗಳು. ಉತ್ತರ ದಕ್ಷಿಣ ಓಡುತ್ತವೆ, ಕೆಳಗೆ ಹೋದಂತೆ ಪಡುವಣಕ್ಕೆ ವಾಲುತ್ತವೆ.

ಚಿನ್ನ ಕಣ್ಣಿಗೆ ಕಾಣುತ್ತದೆ ಅಂತ ತಿಳಿಯಬೇಡಿ. ಒಂದು ಟನ್ ಅದಿರಿಗೆ ಕೆಲವೇ ಗ್ರಾಂ. ನೆಂಟರು ಬಂದಾಗೆಲ್ಲ, ಕೆಳಗಿನಿಂದ ಒಂದು ತುಂಡು ತರಲಿಲ್ಲವಾ ಅಂತ ಕೇಳೋದು ಇವತ್ತಿಗೂ ನಿಂತಿಲ್ಲ.

ನಮಗಿಂತ ಮೊದಲು ಅಲ್ಲಿ ದುಡಿದವರ ಮುಂದೆ ನಾವೇನೂ ಅಲ್ಲ. ಈಗಿನ ಕಂಪನಿ ಶುರುವಾದದ್ದು 1947ರಲ್ಲಿ, ನಿಜಾಮರ ಆಡಳಿತದ ಕೊನೆಯಲ್ಲಿ. ಆದರೆ ಸುಮಾರು 2,000 ವರ್ಷದ ಹಿಂದೆಯೇ ಜನ 600 ಅಡಿಗೂ ಆಳ ಇಳಿದಿದ್ದರು. ಡೈನಮೈಟ್ ಇಲ್ಲ, ಪಂಪ್ ಇಲ್ಲ, ಗಾಳಿ ಕೊಳವೆ ಇಲ್ಲ. ಕಲ್ಲಿನ ಮುಖಕ್ಕೆ ಬೆಂಕಿ ಹಾಕಿ ಕಾಯಿಸೋದು, ನೀರು ಸುರಿದು ಬಿರಿಯಿಸೋದು. ಆ ಹಳೆಯ ಸುರಂಗಗಳಲ್ಲಿ ಅವರು ಬಿಟ್ಟುಹೋದ ಮರದ ತೊಲೆ, ಇದ್ದಿಲು ಸಿಕ್ಕಿದ್ದರಿಂದಲೇ ಕಾಲ ಗೊತ್ತಾದದ್ದು. ಆ ಹೊಗೆಯಲ್ಲಿ ಹೇಗೆ ಉಸಿರಾಡಿದರೋ!

ಗಂಗಾವತಿ_ಮೇಷ್ಟ್ರು
ಹಟ್ಟಿ ಅಣ್ಣಾವ್ರೇ, ನಿಮ್ಮ ಹಸಿರುಕಲ್ಲು ಪಟ್ಟಿಯ ಇನ್ನೊಂದು ತುದಿ ಮಸ್ಕಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಮಸ್ಕಿ ಗುಡ್ಡಕ್ಕೆ ಹೋದಾಗ ಸಿಕ್ಕಿದ್ದು ಅಶೋಕನ ಶಾಸನ. ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪಿಯ ಎಂಬ ರಾಜ ಅಶೋಕನೇ ಅಂತ ಗಟ್ಟಿಯಾದದ್ದು ಆ ಬಂಡೆಯಿಂದ. ಮೌರ್ಯರು ಇಷ್ಟು ದೂರ ಬಂದದ್ದಕ್ಕೆ ಚಿನ್ನವೇ ಕಾರಣ ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ. ನನಗೂ ಅದು ಸರಿ ಅನಿಸುತ್ತದೆ.

ಎರೆಹೊಲ
ಅಂದರೆ ಜ್ವಾಲಾಮುಖಿಯೇ ಚಿನ್ನ ಕಕ್ಕಿತು ಅನ್ನಿ.

ಕೋರ್_ಬಾಕ್ಸ್
ಅಷ್ಟು ನೇರ ಅಲ್ಲ ಅಣ್ಣ. ಲಾವಾ ಹರಿದು ಗಟ್ಟಿಯಾಗಿ, ಹೂತು, ಮಡಚಿ ಎಷ್ಟೋ ಕಾಲ ಆದ ಮೇಲೆ ಚಿನ್ನ ಬಂದು ಕೂತದ್ದು. ಆ ಪಟ್ಟಿಯುದ್ದಕ್ಕೂ ನೆಲ ಜಾರಿ ಸೀಳಿತು. ಆಳದಿಂದ ಬಿಸಿನೀರು ಆ ಸೀಳಿನಲ್ಲಿ ಮೇಲೆ ಬಂತು. ಅದರಲ್ಲಿ ಚಿನ್ನ ಗಂಧಕದ ಜೊತೆ ಕರಗಿತ್ತು. ಹಳೆಯ ಲಾವಾ ಕಲ್ಲಿನಲ್ಲಿ ಕಬ್ಬಿಣ ಜಾಸ್ತಿ. ಕಬ್ಬಿಣ ಸಿಕ್ಕಿದ ಕೂಡಲೇ ಗಂಧಕ ಅದರ ಜೊತೆ ಹೋಯಿತು, ಚಿನ್ನ ಒಂಟಿಯಾಗಿ ಅಲ್ಲೇ ಉಳಿಯಿತು. ಹಾಗಾಗಿ ಲಾವಾ ಚಿನ್ನ ತಂದದ್ದಲ್ಲ, ಚಿನ್ನವನ್ನು ಹಿಡಿದದ್ದು.

ಅದಕ್ಕೇ ಪಕ್ಕದ ಗ್ರಾನೈಟ್ ಬಯಲಲ್ಲಿ ಇಂಥ ಗಣಿ ಕಾಣೋದಿಲ್ಲ. ಹಟ್ಟಿ, ಕೋಲಾರ, ಎಲ್ಲ ಹಸಿರುಕಲ್ಲು ಪಟ್ಟಿಗಳೇ.

ಕುಷ್ಟಗಿ_ಕ್ವಾರಿ
ನಾವು ಕಲ್ಲಿನ ವ್ಯಾಪಾರದವರು. ಕೊಪ್ಪಳ ಜಿಲ್ಲೆಯ ಹೆಸರೇ ಬರಲಿಲ್ಲ ಅಂತ ಬರೆಯುತ್ತಿದ್ದೇನೆ. ನಮ್ಮಲ್ಲಿ ಕೆಂಪು, ಗುಲಾಬಿ ಗ್ರಾನೈಟ್ ಜಾಸ್ತಿ. ಆದರೆ ಹೊಲಗಳ ನಡುವೆ ಅಲ್ಲಲ್ಲಿ ಕಪ್ಪು ಕಲ್ಲಿನ ಸಾಲು ನೇರಕ್ಕೆ ಓಡುತ್ತದೆ, ಗೆರೆ ಎಳೆದಂತೆ. ಮಾರ್ಕೆಟ್ಟಿನಲ್ಲಿ ಅದನ್ನು ಬ್ಲ್ಯಾಕ್ ಗ್ರಾನೈಟ್ ಅಂತ ಮಾರುತ್ತಾರೆ. ಅದೂ ಲಾವಾ ಏನು?

ಕೋರ್_ಬಾಕ್ಸ್
ಹತ್ತಿರದ ಸಂಬಂಧಿ. ಅದು ಗ್ರಾನೈಟ್ ಅಲ್ಲವೇ ಅಲ್ಲ, ಡೊಲೆರೈಟ್. ವ್ಯಾಪಾರದ ಹೆಸರು ಏನಾದರೂ ಇರಲಿ. ನೆಲದಲ್ಲಿ ಬಿದ್ದ ಸೀಳಿನೊಳಗೆ ಶಿಲಾರಸ ಏರಿ ಅಲ್ಲೇ ತಣಿದು ಗೋಡೆಯಾಗಿ ನಿಂತದ್ದು. ಡೈಕ್ ಅನ್ನುತ್ತೇವೆ. ನಮ್ಮ ಕಡೆಯ ಕೆಲವು ಡೈಕ್‌ಗಳ ವಯಸ್ಸು 230 ಕೋಟಿ ವರ್ಷದ ಮೇಲೆ. ಮೇಲೆ ಅದು ಲಾವಾ ಆಗಿ ಹೊರಗೆ ಬಂದಿದ್ದಿರಬಹುದು, ಆ ಭಾಗ ಸವೆದು ಹೋಗಿದೆ. ಈಗ ಉಳಿದಿರೋದು ಕೊಳವೆ ಮಾತ್ರ.

ಕೊಪ್ಪಳಕ್ಕೆ ಇನ್ನೂ ಎರಡು ಇವೆ. ಹುನಗುಂದ-ಕುಷ್ಟಗಿ ಹಸಿರುಕಲ್ಲು ಪಟ್ಟಿ, ಮತ್ತೆ ಕೊಪ್ಪಳದ ಸೈಎನೈಟ್. ಎರಡನೆಯದು ಗ್ರಾನೈಟ್ ತರಹದ್ದೇ, ಬೆಣಚು ತುಂಬಾ ಕಡಿಮೆ.

ಗಂಗಾವತಿ_ಮೇಷ್ಟ್ರು
ಡೈಕ್ ಅಂದಾಗ ಸಂಗನಕಲ್ಲು ಬಿಡೋಕಾಗುತ್ತದಾ? ಬಳ್ಳಾರಿ ಪಕ್ಕದ ಸಂಗನಕಲ್ಲು-ಕಪ್ಪಗಲ್ಲು ಬೆಟ್ಟ. ಗ್ರಾನೈಟ್ ಬೆಟ್ಟವನ್ನು ಸೀಳಿಕೊಂಡು ಡೊಲೆರೈಟ್ ಡೈಕ್ ಹೋಗಿದೆ. ಬೂದಿಗುಡ್ಡದ ಕಾಲದ ಜನ ಅಲ್ಲಿ ಕೊಡಲಿಯ ಕಾರ್ಖಾನೆಯನ್ನೇ ನಡೆಸಿದ್ದರು. ಒಡೆದ ಚಕ್ಕೆಗಳ ರಾಶಿ, ಅರ್ಧಕ್ಕೆ ಬಿಟ್ಟ ಕೊಡಲಿಗಳು, ಉಜ್ಜಿ ನಯ ಮಾಡಿದ ಗುಳಿಗಳು. ಗ್ರಾನೈಟಿನಲ್ಲಿ ಒಳ್ಳೆಯ ಕೊಡಲಿ ಆಗಲ್ಲ, ಹರಳು ಉದುರುತ್ತದೆ. ಡೊಲೆರೈಟ್ ಸಣ್ಣ ಹರಳಿನದು, ಗಟ್ಟಿ, ಅಂಚು ನಿಲ್ಲುತ್ತದೆ. ಯಾವ ಪುಸ್ತಕ ಓದದೆ ಅವರು ಕಲ್ಲನ್ನು ಆರಿಸಿದ್ದರು.

ಅದೇ ಡೈಕಿನ ಬಂಡೆಗಳ ಮೇಲೆ ಎತ್ತುಗಳ ಚಿತ್ರ ಕುಟ್ಟಿದ್ದಾರೆ, 1892ರಲ್ಲಿ ಮೊದಲು ವರದಿಯಾದವು. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ತಟ್ಟಿ ತಟ್ಟಿ ಗುಳಿ ಬಿದ್ದಿವೆ. ಆ ಬೆಟ್ಟದ ಸುತ್ತ ಜಲ್ಲಿಗಾಗಿ ಬಂಡೆ ಒಡೆದದ್ದರಿಂದ ಎಷ್ಟೋ ಹೋಯಿತು. ಉಳಿದದ್ದಾದರೂ ನಿಲ್ಲಲಿ.

ರಾಯಚೂರು_ಬಿಸಿಲು
ಬಳ್ಳಾರಿಗೆ ಸಂಡೂರು, ಲಿಂಗಸುಗೂರಿಗೆ ಹಟ್ಟಿ. ರಾಯಚೂರು ಪಟ್ಟಣದವರಿಗೆ ಏನಿದೆ ಸರ್? ಬರೀ ಕೋಟೆ, ಬಿಸಿಲು, ಗ್ರಾನೈಟಾ?

ಕೋರ್_ಬಾಕ್ಸ್
ನಿಮಗೇ ಇದ್ದದ್ದು ಒಳ್ಳೇ ಮಾಲು. ಭೂವಿಜ್ಞಾನಿಗಳು ಕ್ಷೇತ್ರ ಅಂತ ಹೆಸರಿಟ್ಟು ಕರೆಯುವ ಜ್ವಾಲಾಮುಖಿ ಗುಂಪು ನಿಮ್ಮ ಹೆಸರಲ್ಲೇ ಇದೆ. ರಾಯಚೂರು ಕಿಂಬರ್ಲೈಟ್ ಕ್ಷೇತ್ರ. ಕೃಷ್ಣಾ, ತುಂಗಭದ್ರಾ ಕೂಡುವ ಕಡೆಗಿನ ದೋಆಬ್‌ನಲ್ಲಿ, ಅಂದರೆ ಎರಡು ನದಿಗಳ ನಡುವಿನ ಸೀಮೆಯಲ್ಲಿ, ತೆಲಂಗಾಣದ ಗಡಿಯ ಆಚೀಚೆ.

ಜ್ವಾಲಾಮುಖಿ ಕ್ಷೇತ್ರ ಅಂದರೆ ಒಂದು ದೊಡ್ಡ ಬೆಟ್ಟ ಅಲ್ಲ. ಒಂದು ಸೀಮೆಯಲ್ಲಿ ಅಲ್ಲಲ್ಲಿ ಚಿಕ್ಕ ಚಿಕ್ಕ ಬಾಯಿಗಳು. ಪ್ರತಿಯೊಂದೂ ಒಂದಿಷ್ಟು ಕಾಲ ಉಕ್ಕಿ ಸುಮ್ಮನಾಗುತ್ತದೆ. ಕಿಂಬರ್ಲೈಟ್ ಅದರಲ್ಲೂ ವಿಶೇಷ. 150 ಕಿಲೋಮೀಟರಿಗೂ ಹೆಚ್ಚು ಆಳದಿಂದ, ಅನಿಲ ತುಂಬಿಕೊಂಡು, ಬಹಳ ವೇಗವಾಗಿ ಮೇಲೆ ಬರುವ ಶಿಲಾರಸ. ದಾರಿಯಲ್ಲಿ ಸಿಕ್ಕ ಕಲ್ಲನ್ನೆಲ್ಲ ಕಿತ್ತು ತರುತ್ತದೆ. ಆ ಆಳದಲ್ಲಿ ವಜ್ರ ಇದ್ದರೆ ಅದನ್ನೂ. ನಿಧಾನಕ್ಕೆ ಬಂದಿದ್ದರೆ ವಜ್ರ ಹಾಳಾಗುತ್ತಿತ್ತು. ಮೇಲೆ ಬಂದು ಸಿಡಿದು ಕೊಳವೆ ಆಕಾರದ ಗುಂಡಿ ಮಾಡುತ್ತದೆ.

ಬಳ್ಳಾರಿಯಿಂದ ಗುಂತಕಲ್ ದಾಟಿದರೆ ಸಿಗುವ ವಜ್ರಕರೂರು ಇದೇ ಕುಟುಂಬದ್ದು, ಅಲ್ಲಿನ ಕೊಳವೆಗಳು ಸುಮಾರು 110 ಕೋಟಿ ವರ್ಷ ಹಳೆಯವು. ಮೊದಲ ಮಳೆ ಬಿದ್ದಾಗ ಆ ಕಡೆಯ ಹೊಲಗಳಲ್ಲಿ ಜನ ತಲೆ ಬಗ್ಗಿಸಿಕೊಂಡು ವಜ್ರ ಹುಡುಕುತ್ತಾರಲ್ಲ, ಅದರ ಮೂಲ ಅದು.

ರಾಯಚೂರು_ಬಿಸಿಲು
ನಾಳೆಯಿಂದಲೇ ತಲೆ ಬಗ್ಗಿಸುತ್ತೇನೆ.

ಕೋರ್_ಬಾಕ್ಸ್
ಬಗ್ಗಿಸಿದರೂ ಏನೂ ಕಾಣಲ್ಲ. ಕಿಂಬರ್ಲೈಟ್ ಬೇಗ ಪುಡಿಯಾಗುವ ಕಲ್ಲು. ಎರೆಯ ಕೆಳಗೆ ಹಳದಿ ಮಣ್ಣಾಗಿ ಮಲಗಿರುತ್ತದೆ. ಹಳ್ಳದ ಮರಳನ್ನು ಜರಡಿ ಹಿಡಿದು, ಅದರ ಜೊತೆ ಬರುವ ಕೆಂಪು ಗಾರ್ನೆಟ್‌ನಂಥ ಖನಿಜ ಹುಡುಕಿ, ಹಳ್ಳದ ಮೇಲ್ಭಾಗಕ್ಕೆ ನಡೆದು ಪತ್ತೆ ಮಾಡಬೇಕು. ಎಲ್ಲ ಕಿಂಬರ್ಲೈಟಿನಲ್ಲೂ ವಜ್ರ ಇರಲ್ಲ ಅನ್ನೋದೂ ನೆನಪಿರಲಿ.

ಕುಡತಿನಿ_ಕ್ರಾಸ್
ನನ್ನ ಗುಂಪಿನಲ್ಲಿ ಇದನ್ನೆಲ್ಲ ಹಾಕಿದೆ. ಈಗ ಹೊಸ ಭಯ ಶುರುವಾಗಿದೆ. ಮತ್ತೆ ಉಕ್ಕುತ್ತದಾ? ಹೋದ ವಾರ ನೆಲ ಗುಡುಗಿದ ಸದ್ದು ಬಂತು, ಪಾತ್ರೆ ಅಲುಗಾಡಿತು ಅಂತ ಇಬ್ಬರು ಬರೆದಿದ್ದಾರೆ.

ಕೋರ್_ಬಾಕ್ಸ್
ಉಕ್ಕಲ್ಲ. ಜ್ವಾಲಾಮುಖಿ ಬರಬೇಕು ಅಂದರೆ ಕೆಳಗೆ ಕರಗಿದ ಕಲ್ಲು ಇರಬೇಕು. ನಮ್ಮ ಕೆಳಗಿನ ನೆಲ ಭೂಮಿಯ ಅತ್ಯಂತ ಹಳೆಯ, ತಣ್ಣಗಾದ, ದಪ್ಪ ತುಂಡುಗಳಲ್ಲಿ ಒಂದು. ದೇಶದಲ್ಲಿ ಈಗ ಜೀವಂತ ಇರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದ್ದು ಒಂದೇ. ಬಹುಕಾಲ ಸುಮ್ಮನಿದ್ದು 1991ರಲ್ಲಿ ಎದ್ದಿತು, ಆಮೇಲೂ ಆಗಾಗ ಉಕ್ಕುತ್ತಿದೆ. ಅದು ಒಂದು ಭೂಫಲಕ ಇನ್ನೊಂದರ ಕೆಳಗೆ ಜಾರುವ ಜಾಗ. ನಮ್ಮದು ಅಂಥ ಜಾಗ ಅಲ್ಲ.

ಪಾತ್ರೆ ಅಲುಗಾಡಿದ್ದು ಗಣಿಯಲ್ಲಿ ಅಥವಾ ಕ್ವಾರಿಯಲ್ಲಿ ಬ್ಲಾಸ್ಟಿಂಗ್ ಮಾಡಿದ್ದರಿಂದ ಇರಬಹುದು. ಸದ್ದು ಬಂದ ಹೊತ್ತು ಬರೆದಿಟ್ಟುಕೊಳ್ಳಿ. ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದರೆ ಅದು ಬ್ಲಾಸ್ಟಿಂಗೇ. ಭೂಕಂಪ ಗಡಿಯಾರ ನೋಡಿಕೊಂಡು ಬರಲ್ಲ.

ಕುಷ್ಟಗಿ_ಕ್ವಾರಿ
ನಮ್ಮ ಮೇಲೆ ಬಂತು ನೋಡಿ ಕೊನೆಗೆ!

ಕುಡತಿನಿ_ಕ್ರಾಸ್
ಭಾನುವಾರ ಮಗನನ್ನು ಕರೆದುಕೊಂಡು ಲಾವಾ ತೋರಿಸಬೇಕು ಅಂತಿದ್ದೇನೆ. ಬೈಕಿನಲ್ಲಿ ಹೋಗಿ ಬರುವಂಥ ಜಾಗ ಹೇಳಿ.

ಸಂಡೂರು_ಹುಡುಗಿ
ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಇದೆ. ಮೊದಲು ಅಲ್ಲಿಗೆ ಹೋಗಿ, ಡೊಲೆರೈಟ್ ಕೊಡಲಿಗಳನ್ನು ನೋಡಲಿ. ಆಮೇಲೆ ಸಂಡೂರಿಗೆ ಬನ್ನಿ. ಗಣಿ ಪ್ರದೇಶದೊಳಗೆ ಹೋಗಬೇಡಿ, ಬಿಡೋದೂ ಇಲ್ಲ. ನಾರಿಹಳ್ಳದ ಕಣಿವೆಯ ರಸ್ತೆಯಲ್ಲಿ ಗಾಡಿ ಬದಿಗೆ ಹಾಕಿ ನೋಡಿದರೆ ಕೆಂಪು-ಕಪ್ಪು ಪಟ್ಟೆಯ ಕಬ್ಬಿಣದ ಕಲ್ಲು ಸಿಗುತ್ತದೆ. ಅದು ಮುಗಿದು ಬಯಲು ಶುರುವಾಗುವ ಕಡೆ ಹಳ್ಳದಲ್ಲಿ ಕಪ್ಪುಹಸಿರು ಕಲ್ಲು ಹುಡುಕಿ. ಒದ್ದೆ ಮಾಡಿದರೆ ಬಣ್ಣ ಚೆನ್ನಾಗಿ ಕಾಣುತ್ತದೆ, ಒಂದು ಬಾಟಲಿ ನೀರು ಜಾಸ್ತಿ ಇಟ್ಟುಕೊಳ್ಳಿ. ಲಾರಿಗಳ ಬಗ್ಗೆ ಹುಷಾರು.

ಹಟ್ಟಿ_ಶಾಫ್ಟ್
ಒಂದು ಅಯಸ್ಕಾಂತವನ್ನೂ ಮಗನ ಕೈಗೆ ಕೊಡಿ. ಕಬ್ಬಿಣದ ಪಟ್ಟೆಕಲ್ಲಿಗೆ ಕೆಲವು ಕಡೆ ಗಟ್ಟಿಯಾಗಿ ಅಂಟುತ್ತದೆ, ಲಾವಾ ಕಲ್ಲಿಗೆ ಅಷ್ಟು ಅಂಟಲ್ಲ. ಎರಡೂ ಕಪ್ಪಗಿದ್ದರೂ ಯಾವುದು ಯಾವುದು ಅಂತ ಹುಡುಗ ತಾನೇ ಹೇಳುತ್ತಾನೆ.